ಜಿಮ್‌ಗೆ ಸೇರುವವರು ನಾಲ್ಕು ಕಿಲೋಮೀಟರ್ ಒಳಗೇ ಇದ್ದಾರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಜಿಮ್ ಮತ್ತು ಫಿಟ್‌ನೆಸ್ ಸ್ಟುಡಿಯೊಗಳಿಗೆ ಸೋಷಿಯಲ್ ಮೀಡಿಯಾದಲ್ಲಿ ಪ್ರಚಾರ ಮಾಡುವುದು ಹೇಗೆ ಎಂಬ ಪ್ರಶ್ನೆಗಳಿಗೆ ಈ ಸಲ ಉತ್ತರ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಬರೆದವರ ಊರನ್ನಷ್ಟೇ ಕೊಟ್ಟಿದ್ದೇವೆ.

ನಮ್ಮದು 2,200 ಚದರಡಿಯ ಜಿಮ್. ಡೆಡ್‌ಲಿಫ್ಟ್ ರೀಲ್ ಒಂದಕ್ಕೆ 80 ಸಾವಿರ ವ್ಯೂ ಬಂತು. ಆ ತಿಂಗಳು ಸೇರಿದವರು ಮಾತ್ರ ಎಂದಿನಷ್ಟೇ. ಎಲ್ಲಿ ತಪ್ಪುತ್ತಿದೆ? – ದಾವಣಗೆರೆ

ರೀಲ್ ಚೆನ್ನಾಗಿಯೇ ಇರಬಹುದು, ನೋಡಿದವರು ನಿಮ್ಮ ಊರಿನವರಲ್ಲ. ಇನ್‌ಸ್ಟಾಗ್ರಾಂ ಖಾತೆಯ ಇನ್‌ಸೈಟ್ಸ್ ತೆರೆದು ಊರುಗಳ ಪಟ್ಟಿ ನೋಡಿ. ಅದರಲ್ಲಿ ದಾವಣಗೆರೆ ಎಷ್ಟನೆಯ ಸಾಲಿನಲ್ಲಿದೆ ಎಂಬುದರಲ್ಲೇ ಅರ್ಧ ಉತ್ತರವಿದೆ. 180 ಕೆ.ಜಿ. ಎತ್ತುವುದನ್ನು ಕಣ್ಣರಳಿಸಿ ನೋಡುವವರು ಆಗಲೇ ಬೇರೆಲ್ಲೋ ಜಿಮ್‌ಗೆ ಹೋಗುತ್ತಿರುವ ಹುಡುಗರು. ಇತ್ತ ನಿಮ್ಮ ಬಾಗಿಲಿಗೆ ಬರಬೇಕಾದವರು ಮೂರು, ನಾಲ್ಕು ಕಿ.ಮೀ. ಒಳಗೆ ಇರುವವರು. ಬೈಕಿನಲ್ಲಿ ಹತ್ತು ನಿಮಿಷಕ್ಕಿಂತ ದೂರವಾದರೆ ಎಂಥ ಉತ್ಸಾಹಿಯೂ ಎರಡನೇ ತಿಂಗಳಿಗೆ ನಿಲ್ಲಿಸುತ್ತಾನೆ. ಇವರಲ್ಲಿ ಬಹಳ ಜನ ಜಿಮ್ ಮೆಟ್ಟಿಲು ಹತ್ತಿದವರೇ ಅಲ್ಲ. ಅವರ ಮನಸ್ಸಿನಲ್ಲಿರುವುದು ಫೀಸು ಎಷ್ಟು, ನನ್ನ ಹೊಟ್ಟೆ ನೋಡಿ ಯಾರಾದರೂ ನಗುತ್ತಾರೆಯೇ, ಸಂಜೆ ಏಳಕ್ಕೆ ಮಷಿನ್ ಸಿಗುತ್ತದೆಯೇ, ಗಾಡಿ ಎಲ್ಲಿ ನಿಲ್ಲಿಸಲಿ, ಹೇಳಿಕೊಡುವವರು ಯಾರು ಎಂಬ ಪ್ರಶ್ನೆಗಳು. ಇವಕ್ಕೆ ಉತ್ತರ ಕೊಡದ ರೀಲ್‌ಗೆ ಲಕ್ಷ ವ್ಯೂ ಬಂದರೂ ಒಂದು ಅಡ್ಮಿಷನ್ ಆಗುವುದಿಲ್ಲ.

ಮುಂದಿನ ಎರಡು ವಾರ ಈ ವಿಡಿಯೊಗಳನ್ನು ಮಾತ್ರ ಮಾಡಿ. ಹತ್ತಿರದ ಸರ್ಕಲ್‌ನಿಂದ ನಿಮ್ಮ ಬಾಗಿಲವರೆಗೆ ನಡೆದು ಬರುವ 20 ಸೆಕೆಂಡಿನ ವಿಡಿಯೊ ಒಂದು. ಫೀಸಿನ ಪಟ್ಟಿಯನ್ನು ಬಾಯಿಬಿಟ್ಟು ಹೇಳುವುದು ಇನ್ನೊಂದು. ಮೊದಲ ದಿನ ಬಂದವರಿಗೆ ಮೊದಲ ನಲವತ್ತು ನಿಮಿಷ ಏನೇನು ಮಾಡಿಸುತ್ತೀರಿ ಎಂಬುದನ್ನು ಕೋಚ್ ಮುಖ ತೋರಿಸಿ ವಿವರಿಸಲಿ. ಬೆಳಿಗ್ಗೆ 11ಕ್ಕೆ ಮತ್ತು ಸಂಜೆ 7ಕ್ಕೆ ಜಿಮ್ ಹೇಗಿರುತ್ತದೆ ಎಂದು ಪಕ್ಕಪಕ್ಕ ತೋರಿಸಿ. ಶೌಚಾಲಯ, ಲಾಕರ್, ಕುಡಿಯುವ ನೀರು, ಪಾರ್ಕಿಂಗ್ ಕೂಡ ಬರಲಿ. ನೋಡಲು ಸಪ್ಪೆ ಎನಿಸುವ ಈ ವಿಡಿಯೊಗಳೇ ಜನರನ್ನು ಕರೆತರುತ್ತವೆ. ಇನ್‌ಸ್ಟಾಗ್ರಾಂನಲ್ಲಿ ಮೂರು ಪೋಸ್ಟ್‌ಗಳನ್ನು ಮೇಲ್ಗಡೆ ಪಿನ್ ಮಾಡಬಹುದು: ದಾರಿ, ಫೀಸು, ಮೊದಲ ದಿನ. ಬಯೊದಲ್ಲಿ ಸುಭಾಷಿತ ಬೇಡ. ಬಡಾವಣೆಯ ಹೆಸರು, ಸಮಯ, ‘ತಿಂಗಳಿಗೆ ಇಷ್ಟರಿಂದ’ ಎಂಬ ಮೊತ್ತ ಮತ್ತು ವಾಟ್ಸ್‌ಆ್ಯಪ್ ಕೊಂಡಿ ಇದ್ದರೆ ಸಾಕು. ‘ದರಕ್ಕೆ ಮೆಸೇಜ್ ಮಾಡಿ’ ಎಂದು ಬರೆಯುವ ಚಾಳಿಯನ್ನು ಬಿಡಲೇಬೇಕು. ದರ ಮುಚ್ಚಿಟ್ಟರೆ ದುಬಾರಿ ಇರಬೇಕು ಎಂದುಕೊಂಡು ಜನ ಮುಂದಕ್ಕೆ ಸರಿಯುತ್ತಾರೆ.

ಇಷ್ಟಾದ ಮೇಲೂ ಇನ್‌ಸ್ಟಾಗ್ರಾಂಗಿಂತ ಮೊದಲು ಸರಿಪಡಿಸಬೇಕಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟ ಮತ್ತು ನಕ್ಷೆಯಲ್ಲಿ ಕಾಣುವ ನಿಮ್ಮ ಜಿಮ್‌ನ ಪುಟ. ಸೇರಲು ಮನಸ್ಸು ಮಾಡಿದವರು ‘ಜಿಮ್ ನಿಯರ್ ಮಿ’ ಎಂದು ಹುಡುಕುವುದು ಅಲ್ಲಿಯೇ. ಮುಖ್ಯ ವರ್ಗ ‘ಜಿಮ್’ ಎಂದಿರಲಿ. ಬೆಳಗಿನ ಮತ್ತು ಸಂಜೆಯ ವೇಳೆಯನ್ನು ಎರಡು ಪಾಳಿಯಾಗಿ ತುಂಬಿಸಿ, ಹಬ್ಬದ ದಿನಗಳ ವಿಶೇಷ ವೇಳೆಯನ್ನು ಮೊದಲೇ ಹಾಕಿಡಿ. ಬೋರ್ಡಿನ ಮೇಲಿರುವ ಹೆಸರೇ ಪ್ರೊಫೈಲ್‌ನಲ್ಲೂ ಇರಬೇಕು. ‘ಬೆಸ್ಟ್ ಜಿಮ್ ಇನ್ ದಾವಣಗೆರೆ’ ಎಂದು ಹೆಸರಿಗೆ ಬಾಲ ಅಂಟಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಅಮಾನತಾಗಬಹುದು. ನಕ್ಷೆಯ ಪಿನ್ ಹಿಂದಿನ ಬೀದಿಯಲ್ಲಿ ಬಿದ್ದಿದೆಯೇ ಎಂದೂ ನೋಡಿಕೊಳ್ಳಿ, ಇದು ಬಹಳ ಕಡೆ ಆಗಿರುತ್ತದೆ.

ಅಡ್ಮಿಷನ್ ರಿಜಿಸ್ಟರ್‌ನಲ್ಲಿ ‘ಎಲ್ಲಿ ನೋಡಿ ಬಂದ್ರಿ?’ ಎಂಬ ಒಂದು ಕಾಲಂ ಎಳೆಯಿರಿ. ಸೇರಿದವರದ್ದಷ್ಟೇ ಅಲ್ಲ, ನೋಡಿಕೊಂಡು ಹೋದವರದ್ದೂ ಬರೆಯಿರಿ. ಮೂರು ತಿಂಗಳಲ್ಲಿ ಆ ಕಾಲಂ ಹೇಳುವಷ್ಟು ಸತ್ಯವನ್ನು ಯಾವ ವ್ಯೂ ಲೆಕ್ಕವೂ ಹೇಳದು.

ತಿಂಗಳಿಗೆ 10,000 ರೂ. ಜಾಹೀರಾತಿಗೆ ಎತ್ತಿಟ್ಟಿದ್ದೇವೆ. ಪೋಸ್ಟನ್ನು ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸುವ ‘ಬೂಸ್ಟ್’ ಬಟನ್ ಒತ್ತಿದರೆ ಲೈಕ್ ಬರುತ್ತವೆ. ವಾಟ್ಸ್‌ಆ್ಯಪ್‌ಗೆ ಬಂದವರು ‘ರೇಟ್ ಎಷ್ಟು’ ಎಂದು ಕೇಳಿ ಸುಮ್ಮನಾಗುತ್ತಾರೆ. ಇನ್ನೂ ಹೆಚ್ಚು ಹಾಕಬೇಕೆ? – ಶಿವಮೊಗ್ಗ

ಈಗ ಹೆಚ್ಚು ಹಾಕಬೇಡಿ. ಅವಸರದಲ್ಲಿ ಬೂಸ್ಟ್ ಒತ್ತಿದರೆ ಗುರಿ ಏನೆಂದು ನೀವು ಹೇಳಿರುವುದಿಲ್ಲ. ಲೈಕ್ ಕೊಡುವವರನ್ನು ಹುಡುಕು ಎಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ಗಳ ಒಡೆತನದ ಮೆಟಾ ಕಂಪನಿ ಲೈಕ್ ಕೊಡುವವರನ್ನೇ ಹುಡುಕಿ ತರುತ್ತದೆ. ಕಂಪ್ಯೂಟರ್‌ನಲ್ಲಿ ಆ್ಯಡ್ಸ್ ಮ್ಯಾನೇಜರ್ ತೆರೆದು, ಮಾತುಕತೆ ವಾಟ್ಸ್‌ಆ್ಯಪ್‌ನಲ್ಲಿ ಶುರುವಾಗಲಿ ಎಂಬ ಗುರಿಯ ಜಾಹೀರಾತು ಮಾಡಿ. ಜಾಗ ಆರಿಸುವಾಗ ‘ಶಿವಮೊಗ್ಗ’ ಎಂದು ಟೈಪ್ ಮಾಡಿ ಬಿಟ್ಟರೆ ಊರಿನ ಸುತ್ತ ಹತ್ತಾರು ಕಿ.ಮೀ. ಸೇರಿಕೊಂಡು, ಭದ್ರಾವತಿಯವರಿಗೂ ನಿಮ್ಮ ದುಡ್ಡು ಖರ್ಚಾಗುತ್ತದೆ. ನಕ್ಷೆಯಲ್ಲಿ ಪಿನ್ ಹಾಕುವ ಆಯ್ಕೆ ಇದೆ. ಜಿಮ್ ಮೇಲೆ ಪಿನ್ ಇಟ್ಟು ಅದರ ಸುತ್ತಲಿನ ದೂರವನ್ನು (ರೇಡಿಯಸ್) 4 ಕಿ.ಮೀ.ಗೆ ಇಳಿಸಿ.

ಇನ್ನೊಂದು ಸಾಮಾನ್ಯ ತಪ್ಪು, ಚಿಕ್ಕ ಬಜೆಟ್ಟನ್ನು ಐದಾರು ಚೂರು ಮಾಡುವುದು. ಒಂದು ಆ್ಯಡ್ ಸೆಟ್‌ಗೆ (ಒಂದೇ ಗುರಿ, ಒಂದೇ ಬಜೆಟ್ಟಿನ ಜಾಹೀರಾತುಗಳ ಗುಂಪು) ವಾರದಲ್ಲಿ ಸುಮಾರು 50 ಫಲಿತಾಂಶ ಬರುವವರೆಗೆ ಅದು ಯಾರಿಗೆ ತೋರಿಸಬೇಕೆಂಬ ಕಲಿಕೆಯ ಹಂತದಲ್ಲೇ ಇರುತ್ತದೆ ಎಂದು ಮೆಟಾ ಹೇಳುತ್ತದೆ. ದಿನಕ್ಕೆ 400 ರೂಪಾಯಿಯನ್ನು ಐದು ಕಡೆ ಹಂಚಿದರೆ ಯಾವುದೂ ಆ ಹಂತ ದಾಟುವುದಿಲ್ಲ. ಒಂದೇ ಆ್ಯಡ್ ಸೆಟ್, ಅದರೊಳಗೆ ಎರಡು ಅಥವಾ ಮೂರು ವಿಡಿಯೊ ಇಟ್ಟು ಹದಿನೈದು ದಿನ ಮುಟ್ಟದೆ ಬಿಡಿ. ದಿನವೂ ತಿದ್ದಿದರೆ ಕಲಿಕೆ ಮೊದಲಿನಿಂದ ಶುರುವಾಗುತ್ತದೆ.

ಈಗ ಲೆಕ್ಕ. ದಿನಕ್ಕೆ 400ರಂತೆ 15 ದಿನಕ್ಕೆ 6,000 ರೂ. ಮೇಲೆ ಶೇ 18 ಜಿಎಸ್‌ಟಿ 1,080 ಸೇರಿ 7,080. ಇಲ್ಲಿ ಗಮನಿಸಬೇಕಾದ ಬದಲಾವಣೆ ಒಂದಿದೆ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ, ಅದರ ಜೊತೆಗೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಹೋಗಿದೆ. ಮುಂಚೆ ಜಾಹೀರಾತಿನ ಮೇಲೆ ಕೊಟ್ಟ ತೆರಿಗೆಯನ್ನು ಹೊಂದಿಸಿಕೊಳ್ಳುತ್ತಿದ್ದವರಿಗೆ ಈಗ ಆ 1,080 ಪೂರ್ತಿ ಖರ್ಚೇ. ಇಷ್ಟು ಹಣಕ್ಕೆ 60 ಜನ ಮೆಸೇಜ್ ಮಾಡಿ, 18 ಜನ ಬಂದು ನೋಡಿ, 6 ಜನ ಸೇರಿದರು ಎಂದಿಟ್ಟುಕೊಳ್ಳಿ. ಒಬ್ಬರನ್ನು ಸೇರಿಸಿಕೊಳ್ಳಲು 1,180 ರೂ. ತಗಲಿತು. ಮೂರು ತಿಂಗಳ ಪ್ಯಾಕೇಜ್ 3,300 ಇದ್ದರೆ ಪರವಾಗಿಲ್ಲ. ತಿಂಗಳ ಫೀಸು 1,200 ಕಟ್ಟಿ ಮರು ತಿಂಗಳು ಬಿಟ್ಟುಹೋಗುವವರೇ ಆದರೆ ಕೈಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಜಾಹೀರಾತಿನಲ್ಲಿ ಮೂರು ತಿಂಗಳ ಪ್ಯಾಕೇಜನ್ನೇ ಮುಂದಿಡಿ.

‘ರೇಟ್ ಎಷ್ಟು’ ಎಂದವರು ಸುಮ್ಮನಾಗುವುದಕ್ಕೆ ಬಹುಪಾಲು ನಿಮ್ಮ ಉತ್ತರವೇ ಕಾರಣ. ಆರು ಗಂಟೆ ಬಿಟ್ಟು ‘1200’ ಎಂದು ಬರೆದರೆ ಮಾತು ಅಲ್ಲಿಗೆ ಮುಗಿಯುತ್ತದೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈನಲ್ಲಿ ಹೀಗೊಂದು ಉತ್ತರ ಸಿದ್ಧವಿಡಿ: ‘ನಮಸ್ಕಾರ. ತಿಂಗಳಿಗೆ 1,200, ಮೂರು ತಿಂಗಳಿಗೆ 3,300. ಬೆಳಿಗ್ಗೆ 5.30ರಿಂದ 10.30, ಸಂಜೆ 4ರಿಂದ 10. ನಿಮಗೆ ಯಾವ ಹೊತ್ತು ಅನುಕೂಲ? ಇವತ್ತು ಸಂಜೆ 6ರಿಂದ 8ರವರೆಗೆ ಕೋಚ್ ಇರುತ್ತಾರೆ, ಬಂದು ಒಮ್ಮೆ ನೋಡಿಕೊಂಡು ಹೋಗಿ.’ ದರ, ಸಮಯ, ಒಂದು ಪ್ರಶ್ನೆ, ಒಂದು ಆಹ್ವಾನ ಎಲ್ಲವೂ ಇದರಲ್ಲಿವೆ. ಗಂಟೆಯೊಳಗೆ ಉತ್ತರಿಸಲು ಒಬ್ಬರನ್ನು ನೇಮಿಸಿ. ರಿಸೆಪ್ಷನ್ ಖಾಲಿ ಇರುವ ಮಧ್ಯಾಹ್ನದ ಹೊತ್ತಿನಲ್ಲಿ ಜಾಹೀರಾತಿಗೆ ಬರುವ ಮೆಸೇಜ್‌ಗಳು ಸೋರಿಹೋಗುವುದೇ ಹೆಚ್ಚು. ‘ಹೊಸಬರು’, ‘ಬರುತ್ತೇನೆಂದವರು’, ‘ನೋಡಿಹೋದವರು’, ‘ಸೇರಿದವರು’ ಎಂದು ಲೇಬಲ್ ಹಚ್ಚಿ. ಬರುತ್ತೇನೆಂದು ಬಾರದವರಿಗೆ ಮರುದಿನ ಒಮ್ಮೆ, ನಾಲ್ಕನೇ ದಿನ ಇನ್ನೊಮ್ಮೆ ಬರೆಯಿರಿ. ಅಲ್ಲಿಗೆ ಬಿಟ್ಟುಬಿಡಿ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ದುಡ್ಡು ಕೊಟ್ಟು ನಂಬರ್ ಪಟ್ಟಿ ಕೊಂಡು ಮೆಸೇಜ್ ಕಳಿಸಿದರೆ ಜನ ರಿಪೋರ್ಟ್ ಮಾಡಿ ನಿಮ್ಮ ಜಿಮ್‌ನ ನಂಬರ್ರೇ ನಿಷೇಧಕ್ಕೊಳಗಾಗುತ್ತದೆ.

ಹೆಣ್ಣುಮಕ್ಕಳಿಗಾಗಿಯೇ ಸ್ಟುಡಿಯೊ ನಡೆಸುತ್ತೇನೆ. ಬರುವವರಲ್ಲಿ ಒಬ್ಬರೂ ಫೋಟೊಗೆ ಒಪ್ಪುವುದಿಲ್ಲ. ಮುಖವೇ ತೋರಿಸದೆ ಪ್ರಚಾರ ಮಾಡುವುದು ಹೇಗೆ? – ಬಾಗಲಕೋಟೆ

ಅವರು ಒಪ್ಪದಿರುವುದನ್ನೇ ಪ್ರಚಾರದ ಮೊದಲ ಮಾತು ಮಾಡಿ. ‘ಒಳಗೆ ಮೊಬೈಲ್ ಕ್ಯಾಮೆರಾಕ್ಕೆ ಅವಕಾಶವಿಲ್ಲ’ ಎಂಬ ಬೋರ್ಡ್ ಹಾಕಿ, ಅದರ ಫೋಟೊ ಪಿನ್ ಮಾಡಿ. ಮನೆಯಿಂದ ಹೊರಡಲು ಹಿಂಜರಿಯುವ ಹೆಣ್ಣುಮಗಳಿಗೂ ಅವಳ ಮನೆಯವರಿಗೂ ಇದಕ್ಕಿಂತ ದೊಡ್ಡ ಭರವಸೆ ಇಲ್ಲ. ನಿಯಮ ನಿಮಗೂ ಅನ್ವಯಿಸಬೇಕು. ಹಿಂದಿನ ಕನ್ನಡಿಯಲ್ಲಿ ಯಾರದ್ದೋ ಅರ್ಧ ಮುಖ ಬಿದ್ದ ಒಂದೇ ಒಂದು ರೀಲ್ ಹೊರಬಂದರೆ ವರ್ಷದ ನಂಬಿಕೆ ಹೋಗುತ್ತದೆ. ಆದ್ದರಿಂದ ಚಿತ್ರೀಕರಣ ಬ್ಯಾಚ್ ಇಲ್ಲದ ಹೊತ್ತಿನಲ್ಲೇ ನಡೆಯಲಿ.

ತೋರಿಸಲು ಬೇಕಾದಷ್ಟಿದೆ: ನೀವು, ನಿಮ್ಮ ದನಿ, ಖಾಲಿ ಹಾಲ್, ಬಾಗಿಲು, ಬಟ್ಟೆ ಬದಲಿಸುವ ಕೋಣೆಯ ಚಿಲಕ. ಕೇಳಲು ಸಂಕೋಚ ಪಡುವ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿ. ಒಳಗೆ ಗಂಡಸರು ಬರುತ್ತಾರೆಯೇ, ಕಸ ಗುಡಿಸುವವರು ಯಾವಾಗ ಬರುತ್ತಾರೆ, ಸಿಸಿಟಿವಿ ಎಲ್ಲಿದೆ ಎಲ್ಲಿಲ್ಲ, ಚೂಡಿದಾರದಲ್ಲೇ ಬರಬಹುದೇ, ಮುಟ್ಟಿನ ದಿನಗಳಲ್ಲಿ ಏನು ಮಾಡಿಸುತ್ತೀರಿ, ಸಿಸೇರಿಯನ್ ಆದ ಮೇಲೆ ವೈದ್ಯರ ಒಪ್ಪಿಗೆ ಯಾವಾಗ ಕೇಳುತ್ತೀರಿ. ಬಾಗಲಕೋಟೆಯ ಮಾತಿನಲ್ಲೇ ಹೇಳಿ, ಪುಸ್ತಕದ ಕನ್ನಡ ಬೇಡ. ಪಿಸಿಒಡಿ, ಥೈರಾಯ್ಡ್ ವಾಸಿ ಮಾಡುತ್ತೇವೆ ಎಂಬ ಮಾತು ಮಾತ್ರ ಎಲ್ಲೂ ಬರಕೂಡದು. ವ್ಯಾಯಾಮ ಚಿಕಿತ್ಸೆಗೆ ಜೊತೆಯಾಗುತ್ತದೆ, ಚಿಕಿತ್ಸೆಯ ಜಾಗ ತೆಗೆದುಕೊಳ್ಳುವುದಿಲ್ಲ.

ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದ್ದರೆ ಇವತ್ತೇ ಯೋಚಿಸಿ. ಗ್ರೂಪ್‌ನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಕಮ್ಯುನಿಟಿಯ ಅನೌನ್ಸ್‌ಮೆಂಟ್ ಗ್ರೂಪ್‌ನಲ್ಲಿ ಸದಸ್ಯರ ನಂಬರ್ ಒಬ್ಬರಿಂದೊಬ್ಬರಿಗೆ ಮರೆಯಾಗಿರುತ್ತದೆ. ಬ್ಯಾಚ್ ಸೂಚನೆಗಳಿಗೆ ಅದನ್ನೇ ಬಳಸಿ. 35 ದಾಟಿದವರನ್ನು ತಲುಪಲು ಇನ್‌ಸ್ಟಾಗ್ರಾಂಗಿಂತ ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್ ಸ್ಟೇಟಸ್ ಒಳ್ಳೆಯದು. ಹೆಣ್ಣುಮಕ್ಕಳು ಜೊತೆ ಇದ್ದರೆ ಬರುತ್ತಾರೆ, ಒಂಟಿಯಾಗಿ ಬರುವುದು ಕಡಿಮೆ. ‘ಇಬ್ಬರು ಸೇರಿ ಬಂದರೆ’ ಎಂಬ ದರವನ್ನು ಸ್ಟೇಟಸ್‌ನಲ್ಲಿ ಹಾಕಿ, ಈಗಿರುವವರು ಅದನ್ನು ತಮ್ಮ ಅಕ್ಕ ತಂಗಿಯರಿಗೆ ಕಳಿಸಲಿ.

‘ಜಿಮ್ ಮಾಡಿದರೆ ಹಾರ್ಟ್ ಅಟ್ಯಾಕ್ ಆಗುತ್ತೆ’ ಎಂಬ ಕಾಮೆಂಟು ಪ್ರತಿ ಪೋಸ್ಟಿಗೂ ಬರುತ್ತದೆ. ಅಳಿಸಿಹಾಕಲೇ? – ಹಾಸನ

ಅಳಿಸಬೇಡಿ. ಅದರ ಹಿಂದೆ ನಿಜವಾದ ಭಯ ಇದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಅಗಲಿದಾಗ ಇಡೀ ರಾಜ್ಯವೇ ಆ ಪ್ರಶ್ನೆ ಕೇಳಿತು. 2025ರ ಜೂನ್, ಜುಲೈನಲ್ಲಿ ನಿಮ್ಮದೇ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿ, ಜನ ತಪಾಸಣೆಗೆಂದು ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಅಂಥ ಊರಿನಲ್ಲಿ ‘ಏನೂ ಆಗಲ್ಲ ಬನ್ನಿ’ ಎನ್ನುವುದು ಬೇಜವಾಬ್ದಾರಿ. ಅಪ್ಪು ಅವರ ಫೋಟೊ ಬಳಸಿ ಪೋಸ್ಟ್ ಮಾಡುವುದಂತೂ ಸಲ್ಲ.

ಕಾಮೆಂಟ್‌ಗೆ ಉತ್ತರವಾಗಿ, ನಿಮ್ಮಲ್ಲಿ ಸೇರುವವರನ್ನು ಹೇಗೆ ಪರಿಶೀಲಿಸುತ್ತೀರಿ ಎಂದು ತೋರಿಸಿ. ಅದಕ್ಕೆ ಮೊದಲು ಪರಿಶೀಲನೆ ನಿಜವಾಗಿಯೂ ನಡೆಯಬೇಕು. ಪಾರ್-ಕ್ಯೂ ಎಂಬ ಏಳು ಪ್ರಶ್ನೆಗಳ ನಮೂನೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಹೃದಯದ ತೊಂದರೆ ಅಥವಾ ಬಿಪಿ ಇದೆ ಎಂದು ವೈದ್ಯರು ಹೇಳಿದ್ದಾರೆಯೇ, ಎದೆನೋವು ಬರುತ್ತದೆಯೇ, ತಲೆ ಸುತ್ತಿ ಬಿದ್ದದ್ದುಂಟೇ ಇತ್ಯಾದಿ. ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ. ಯಾವುದಕ್ಕಾದರೂ ‘ಹೌದು’ ಎಂದರೆ ವೈದ್ಯರ ಚೀಟಿ ತಂದ ಮೇಲೆಯೇ ಶುರು. ಇದರ ಜೊತೆಗೆ ನಲವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಸಿಗರೇಟು ಸೇದುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಕಂಡವರು ಒಮ್ಮೆ ವೈದ್ಯರನ್ನು ನೋಡಿ ಬರಲಿ ಎಂದು ನೀವಾಗಿಯೇ ಹೇಳಿ. ಮೊದಲ ಎರಡು ವಾರ ಭಾರ ಎಷ್ಟು, ಯಾವಾಗ ನಿಲ್ಲಿಸುತ್ತೀರಿ ಎಂಬುದನ್ನೂ ವಿಡಿಯೊದಲ್ಲಿ ಹೇಳಿ.

ಕೋಚ್‌ಗಳಿಗೆ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ಪ್ರಥಮ ಚಿಕಿತ್ಸೆ) ತರಬೇತಿ ಕೊಡಿಸಿ, ಗೊಂಬೆಯ ಮೇಲೆ ಮಾಡುವುದನ್ನು ರೀಲ್ ಮಾಡಿ: ಮೊದಲು 108ಕ್ಕೆ ಕರೆ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುವುದು. ಜಿಲ್ಲೆಯ ಯಾವ ಆಸ್ಪತ್ರೆಗಳಲ್ಲಿ ಸರ್ಕಾರದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ಇಸಿಜಿ ಮತ್ತು ತುರ್ತು ಚುಚ್ಚುಮದ್ದು ಸಿಗುತ್ತದೆ ಎಂದು ವಿಚಾರಿಸಿ ಪೋಸ್ಟ್ ಮಾಡಿ. ಇವು ಅಡ್ಮಿಷನ್‌ಗಾಗಿ ಮಾಡುವ ಪೋಸ್ಟ್‌ಗಳಲ್ಲ. ಆದರೆ ಐವತ್ತರ ಅಪ್ಪನನ್ನು ಮಗ ಯಾವ ಜಿಮ್‌ಗೆ ಕರೆತರಬೇಕು ಎಂದು ಯೋಚಿಸುವಾಗ ಇವೇ ನೆನಪಾಗುತ್ತವೆ.

‘30 ದಿನದಲ್ಲಿ 10 ಕೆ.ಜಿ.’ ಎಂದು ಸದಸ್ಯರೊಬ್ಬರ ಮೊದಲಿನ ಮತ್ತು ನಂತರದ ಫೋಟೊ ಹಾಕಿದ ಜಾಹೀರಾತು ತಿರಸ್ಕೃತವಾಯಿತು. ಈಗ ಆ ಸದಸ್ಯರೂ ಫೋಟೊ ತೆಗೆಯಿರಿ ಎನ್ನುತ್ತಿದ್ದಾರೆ. – ಬೆಂಗಳೂರು

ಫೋಟೊವನ್ನು ಇವತ್ತೇ ತೆಗೆಯಿರಿ, ವಾದ ಬೇಡ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ, ಕೊಟ್ಟ ಒಪ್ಪಿಗೆಯನ್ನು ಅಷ್ಟೇ ಸುಲಭವಾಗಿ ಹಿಂಪಡೆಯುವ ಹಕ್ಕು ವ್ಯಕ್ತಿಗಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಮುಂದಕ್ಕೆ ಒಂದು ಪುಟದ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ: ಯಾವ ಫೋಟೊ, ಪೇಜ್‌ನಲ್ಲಿ ಮಾತ್ರವೋ ದುಡ್ಡು ಕೊಟ್ಟ ಜಾಹೀರಾತಿನಲ್ಲೂ ಹೌದೋ, ಎಷ್ಟು ತಿಂಗಳು, ತೆಗೆಸಬೇಕೆಂದರೆ ಯಾರಿಗೆ ಹೇಳಬೇಕು. ಫೀಸು ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿ ಸಹಿ ಪಡೆಯುವುದು ಒಪ್ಪಿಗೆಯಲ್ಲ. ಹದಿನೆಂಟು ತುಂಬದವರಿಗೆ ತಂದೆ ತಾಯಿಯ ಸಹಿ ಬೇಕು.

ಜಾಹೀರಾತು ಏಕೆ ತಿರಸ್ಕೃತವಾಯಿತು ಎಂಬುದೂ ಸ್ಪಷ್ಟ. ಓದುವವರಿಗೆ ತಮ್ಮ ದೇಹದ ಬಗ್ಗೆ ಕೀಳರಿಮೆ ಹುಟ್ಟಿಸುವ, ಅಸಂಭವ ಫಲಿತಾಂಶ ತೋರಿಸುವ ಚಿತ್ರಗಳನ್ನು ಮೆಟಾ ಜಾಹೀರಾತಿನಲ್ಲಿ ಬಿಡುವುದಿಲ್ಲ. ‘ನೀವು ದಪ್ಪ ಇದ್ದೀರಾ?’ ಎಂದು ಓದುಗರ ಮೈಯನ್ನೇ ಬೊಟ್ಟುಮಾಡುವ ಸಾಲೂ ನಿಯಮಕ್ಕೆ ವಿರುದ್ಧ. ‘ಬೆಳಿಗ್ಗೆ 6ರ ಬ್ಯಾಚ್‌ನಲ್ಲಿ ಎಂಟು ಜನಕ್ಕೆ ಒಬ್ಬ ಕೋಚ್’ ಎಂಬಂಥ, ನಿಮ್ಮ ಬಗ್ಗೆ ಹೇಳುವ ಸಾಲಿಗೆ ಅಡ್ಡಿಯಿಲ್ಲ.

ಕಾನೂನಿನ ಮಾತು ಇನ್ನೂ ಗಂಭೀರ. ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಇಳಿಸುವುದು ಸುರಕ್ಷಿತ ಎಂಬುದು ಸಾಮಾನ್ಯ ಸಲಹೆ, ಅಂದರೆ ತಿಂಗಳಿಗೆ ಎರಡರಿಂದ ನಾಲ್ಕು. ಹತ್ತು ಎಂದು ಘೋಷಿಸಿ ಆಧಾರ ಕೊಡಲಾಗದಿದ್ದರೆ ಅದು ದಾರಿತಪ್ಪಿಸುವ ಜಾಹೀರಾತು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಬಾರಿಗೆ 10 ಲಕ್ಷ ರೂ. ವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಬೊಜ್ಜು ಕರಗಿಸುವ ಪುಡಿ, ಕಷಾಯವನ್ನು ಜಿಮ್ ಪೇಜಿನಲ್ಲೇ ಮಾರುವವರು ಇನ್ನೊಂದು ಕಾಯ್ದೆ ನೆನಪಿಡಬೇಕು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ 1954, ಕೆಲವು ಕಾಯಿಲೆಗಳಿಗೆ ಔಷಧವೆಂದು ಜಾಹೀರಾತು ಮಾಡುವುದನ್ನು ನಿಷೇಧಿಸುತ್ತದೆ, ಆ ಪಟ್ಟಿಯಲ್ಲಿ ಬೊಜ್ಜೂ ಇದೆ.

ತೂಕದ ಬದಲು ಬಲ ತೋರಿಸಿ. ಒಂದೂ ದಂಡ ಹೊಡೆಯಲಾಗದೆ ಬಂದವರು ಮೂರು ತಿಂಗಳಿಗೆ ಹದಿನೈದು ಹೊಡೆದದ್ದು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವರು ಈಗ ಟ್ರೆಡ್‌ಮಿಲ್‌ನಲ್ಲಿ ಇಪ್ಪತ್ತು ನಿಮಿಷ ಓಡುವುದು. ಇವು ನಿಜ, ನಂಬುವಂಥವು, ಯಾರನ್ನೂ ಹೀಗಳೆಯುವುದಿಲ್ಲ.

ಸಿನಿಮಾ ಹಾಡು ಹಾಕಿದ ರೀಲ್‌ಗಳ ಧ್ವನಿ ಮಾಯವಾಗುತ್ತದೆ. ವಿಡಿಯೊದಲ್ಲಿ ಕಪ್ಪು ಪಟ್ಟಿಗಳೂ ಓಡಾಡುತ್ತವೆ. – ಮಂಗಳೂರು

ಹಾಡಿನ ಹಕ್ಕು ಆಡಿಯೊ ಕಂಪನಿಯದ್ದು. ಇನ್‌ಸ್ಟಾಗ್ರಾಂನ ಹಾಡುಗಳ ಸಂಗ್ರಹ ಖಾಸಗಿ ಬಳಕೆಗೆ ಕೊಟ್ಟದ್ದು, ವ್ಯಾಪಾರದ ಪ್ರಚಾರಕ್ಕಲ್ಲ. ಖಾತೆಯನ್ನು ಬಿಸಿನೆಸ್‌ನಿಂದ ಕ್ರಿಯೇಟರ್‌ಗೆ ಬದಲಿಸಿದರೆ ಹಾಡು ಸಿಗುತ್ತದೆ ನಿಜ, ಹಕ್ಕು ಸಿಗುವುದಿಲ್ಲ. ಮೆಟಾದ ಸೌಂಡ್ ಕಲೆಕ್ಷನ್‌ನಲ್ಲಿ ಉಚಿತವಾಗಿ ಬಳಸಬಹುದಾದ ಸಂಗೀತವಿದೆ. ಇನ್ನೂ ಒಳ್ಳೆಯದು, ಊರಿನ ಚೆಂಡೆಯವರನ್ನು ಕರೆಸಿ ಐದಾರು ನಿಮಿಷ ಬಾರಿಸಿಸಿ, ಗೌರವಧನ ಕೊಟ್ಟು, ಬಳಕೆಗೆ ಲಿಖಿತ ಒಪ್ಪಿಗೆ ಪಡೆದು ಇಟ್ಟುಕೊಳ್ಳಿ. ವರ್ಷಪೂರ್ತಿ ಬಳಸಬಹುದು, ನಿಮ್ಮ ರೀಲ್ ಎಂದು ಕೇಳಿದೊಡನೆ ಗೊತ್ತಾಗುತ್ತದೆ.

ಕಪ್ಪು ಪಟ್ಟಿಗೆ ಎಲ್‌ಇಡಿ ದೀಪ ಕಾರಣ. ನಮ್ಮ ವಿದ್ಯುತ್ 50 ಹರ್ಟ್ಸ್‌ನದ್ದು, ಕಡಿಮೆ ಬೆಲೆಯ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಫೋನು ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಚಿತ್ರಿಸುವಾಗ ತಾಳ ತಪ್ಪುತ್ತದೆ. ಪ್ರೊ ಮೋಡ್‌ನಲ್ಲಿ 25 ಫ್ರೇಮ್, ಶಟರ್ 1/50 ಅಥವಾ 1/100 ಇಡಿ. ಐಫೋನ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್‌ನ ‘ಶೋ ಪಾಲ್ ಫಾರ್ಮ್ಯಾಟ್ಸ್’ ಆನ್ ಮಾಡಿದರೆ 25 ಫ್ರೇಮ್ ಸಿಗುತ್ತದೆ. ಶುರುಮಾಡುವ ಮುಂಚೆ ಲೆನ್ಸ್ ಒರೆಸಿ, ಬೆವರಿನ ಕೈ ತಾಗಿ ಮಂಜಾಗಿರುತ್ತದೆ. ಮಾತಿದ್ದರೆ ಜಿಮ್ ಸ್ಪೀಕರ್ ಆಫ್ ಮಾಡಿ, ಅಂಗಿಗೆ ಸಿಕ್ಕಿಸುವ ಮೈಕ್ ಬಳಸಿ. ಅಕ್ಷರಗಳನ್ನು ಪರದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಇಡಬೇಡಿ, ಅಲ್ಲಿ ಇನ್‌ಸ್ಟಾಗ್ರಾಂನ ಬರಹ, ಬಟನ್‌ಗಳು ಬಂದು ಮುಚ್ಚುತ್ತವೆ.

ಪೇಜ್ ನೋಡಿಕೊಳ್ಳುತ್ತಿದ್ದ ಏಜೆನ್ಸಿ ಜೊತೆ ಮನಸ್ತಾಪವಾಗಿ ಪಾಸ್‌ವರ್ಡ್ ಕೊಡುತ್ತಿಲ್ಲ. – ತುಮಕೂರು

ಮೊದಲು ಲಿಖಿತವಾಗಿ ಕೇಳಿ. ಬಿಲ್, ಒಪ್ಪಂದ, ಜಿಮ್‌ನ ನೋಂದಣಿ ಪತ್ರ ಒಟ್ಟಿಗಿಡಿ. ಖಾತೆಯಲ್ಲಿ ನಿಮ್ಮ ಫೋನ್ ನಂಬರ್ ಅಥವಾ ಇಮೇಲ್ ಇದ್ದರೆ ‘ಫರ್ಗಾಟ್ ಪಾಸ್‌ವರ್ಡ್’ ಮೂಲಕವೇ ಒಳಹೋಗಬಹುದು. ಎರಡೂ ಅವರದ್ದೇ ಆಗಿದ್ದರೆ ಮೆಟಾಕ್ಕೆ ಮಾಲೀಕತ್ವದ ದಾಖಲೆ ಸಲ್ಲಿಸುವ ದಾರಿ ಉಂಟು, ಸಮಯ ಹಿಡಿಯುತ್ತದೆ. ಗೂಗಲ್ ಪ್ರೊಫೈಲ್ ಸುಲಭ: ಅದೇ ಪ್ರೊಫೈಲ್‌ನಲ್ಲಿ ಮಾಲೀಕತ್ವ ಕೋರುವ ಬಟನ್ ಇದೆ. ಈಗಿನ ಮಾಲೀಕರು ಉತ್ತರಿಸದಿದ್ದರೆ ನೀವೇ ದೃಢೀಕರಿಸಿ ಪಡೆಯುವ ಅವಕಾಶ ಇರುತ್ತದೆ.

ಇನ್ನು ಮುಂದೆ ಖಾತೆಗಳು ಜಿಮ್ ಹೆಸರಿನ ಇಮೇಲ್‌ನಲ್ಲಿರಲಿ. ಪೇಜ್, ಜಾಹೀರಾತು ಖಾತೆಗಳನ್ನೆಲ್ಲ ಒಂದೆಡೆ ನಿಭಾಯಿಸುವ ಮೆಟಾ ಬಿಸಿನೆಸ್ ಪೋರ್ಟ್‌ಫೋಲಿಯೊ ನಿಮ್ಮದಾಗಿರಲಿ, ಅದರಲ್ಲಿ ನೀವು ಮತ್ತು ಮನೆಯವರೊಬ್ಬರು ಅಡ್ಮಿನ್ ಆಗಿ, ಏಜೆನ್ಸಿಗೆ ಪಾರ್ಟ್‌ನರ್ ಆಗಿ ಬೇಕಾದಷ್ಟೇ ಅನುಮತಿ ಕೊಡಿ. ಆಗ ಪಾಸ್‌ವರ್ಡ್ ಕೊಡುವ ಪ್ರಶ್ನೆಯೇ ಬರುವುದಿಲ್ಲ. ಜಾಹೀರಾತು ಖಾತೆಯೂ ನಿಮ್ಮದೇ ಇರಬೇಕು. ಅವರ ಖಾತೆಯಿಂದ ಜಾಹೀರಾತು ಓಡಿಸಿದರೆ ಎರಡು ವರ್ಷದ ಲೆಕ್ಕವೆಲ್ಲ ಅವರ ಜೊತೆಗೇ ಹೋಗುತ್ತದೆ. ಎರಡು ಹಂತದ ದೃಢೀಕರಣ ಆನ್ ಮಾಡಿ. ‘ಹಕ್ಕುಸ್ವಾಮ್ಯ ಉಲ್ಲಂಘನೆ, 24 ಗಂಟೆಯಲ್ಲಿ ಪೇಜ್ ಅಳಿಸುತ್ತೇವೆ’ ಎಂದು ಮೆಟಾ ಹೆಸರಿನಲ್ಲಿ ಮೆಸೆಂಜರ್‌ಗೆ ಬರುವ ಕೊಂಡಿಗಳು ಮೋಸ, ಒತ್ತಬೇಡಿ.

ವರ್ಷದಲ್ಲಿ ಯಾವಾಗ ಜಾಹೀರಾತಿಗೆ ಖರ್ಚು ಮಾಡುವುದು ಸೂಕ್ತ? – ಮೈಸೂರು

ಜನವರಿಯಲ್ಲಿ ಎಲ್ಲರೂ ಹಾಕುತ್ತಾರೆ, ದರವೂ ಏರಿರುತ್ತದೆ. ಹೊಸ ವರ್ಷದ ಜನ ಹೇಗೂ ಬರುತ್ತಾರೆ. ಅದರ ಬದಲು ಫೆಬ್ರುವರಿಯಿಂದ ಮೇವರೆಗಿನ ಮದುವೆಗಳಿಗೆ ತಯಾರಾಗುವವರನ್ನು ನವೆಂಬರ್ ಕೊನೆಗೇ ಕರೆಯಿರಿ, ಮೂರು ತಿಂಗಳ ಪ್ಯಾಕೇಜ್‌ಗೆ ಅದೇ ಸರಿಯಾದ ಕಾಲ. ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ಬರುತ್ತಾರೆ. ಅವರಿಗೆ ಎರಡು ತಿಂಗಳ ಬೇಸಿಗೆ ದರ ಇಡಿ, ಪೋಸ್ಟ್ ಮಾತ್ರ ಅಪ್ಪ ಅಮ್ಮನಿಗೆ ಅರ್ಥವಾಗುವಂತಿರಲಿ, ದುಡ್ಡು ಕೊಡುವವರು ಅವರು. ಜೂನ್, ಜುಲೈ ಮಳೆಯಲ್ಲಿ ಹೊಸಬರನ್ನು ಕರೆಯುವ ಖರ್ಚು ನಿಲ್ಲಿಸಿ, ಇರುವವರು ಬಿಟ್ಟುಹೋಗದಂತೆ ಮೆಸೇಜ್ ಮಾಡಿ. ಹತ್ತು ದಿನ ಬಾರದವರ ಪಟ್ಟಿ ತೆಗೆದು ಕೋಚ್ ಅವರೇ ಫೋನ್ ಮಾಡಿದರೆ ಯಾವ ಜಾಹೀರಾತಿಗಿಂತಲೂ ಅಗ್ಗ. ನಿಮ್ಮೂರಲ್ಲಿ ದಸರಾ ಕುಸ್ತಿ ಇದೆ, ಗರಡಿ ಮನೆಗಳಿವೆ. ಉಸ್ತಾದರ ಅನುಮತಿ ಪಡೆದು ದಂಡ, ಬಸ್ಕಿ, ಗದೆಯ ಕ್ರಮವನ್ನು ಅವರ ಬಾಯಲ್ಲೇ ಹೇಳಿಸಿ. ಮೈಸೂರಿನವರು ಕೊನೆವರೆಗೆ ನೋಡುವ ವಿಡಿಯೊ ಅದಾಗುತ್ತದೆ.

ಒಂದು ಲಕ್ಷ ಫಾಲೋವರ್ ಇರುವ ಇನ್‌ಫ್ಲುಯೆನ್ಸರ್ ಒಂದು ರೀಲ್‌ಗೆ 15,000 ಕೇಳುತ್ತಿದ್ದಾರೆ. ಕೊಡಬಹುದೇ? – ಹುಬ್ಬಳ್ಳಿ

ಕಳೆದ 30 ದಿನದ ಇನ್‌ಸೈಟ್ಸ್‌ನ ಊರುಗಳ ಪಟ್ಟಿಯನ್ನು ಅವರ ಫೋನ್‌ನಲ್ಲೇ ತೆರೆದು ತೋರಿಸಲು ಹೇಳಿ, ಸ್ಕ್ರೀನ್‌ಶಾಟ್ ನಂಬಬೇಡಿ. ಹುಬ್ಬಳ್ಳಿ-ಧಾರವಾಡದವರು ಶೇ 10 ಇದ್ದರೆ ನಿಮಗೆ ಲೆಕ್ಕಕ್ಕೆ ಬರುವುದು ಹತ್ತು ಸಾವಿರ ಜನ, ಅವರಲ್ಲೂ ನಿಮ್ಮ ಬಡಾವಣೆಯವರು ಕೆಲವರು. ಅದೇ 15,000ಕ್ಕೆ ಒಂದು ತಿಂಗಳಿಗೂ ಹೆಚ್ಚು ಕಾಲ ಜಿಮ್ ಸುತ್ತಲಿನ ನಾಲ್ಕು ಕಿ.ಮೀ. ಒಳಗೆ ಜಾಹೀರಾತು ಓಡಿಸಬಹುದು. ನಾವು ಎರಡನೆಯದನ್ನೇ ಆರಿಸುತ್ತೇವೆ. ಕೊಡುವುದೇ ಆದರೆ ಅದು ದುಡ್ಡು ಕೊಟ್ಟು ಮಾಡಿಸಿದ್ದು ಎಂಬ ‘ಪೇಯ್ಡ್ ಪಾರ್ಟ್‌ನರ್‌ಶಿಪ್’ ಪಟ್ಟಿ ಕಡ್ಡಾಯ. ಆರೋಗ್ಯದ ಸಲಹೆ ಕೊಡುವುದಾದರೆ ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆ ಎಎಸ್‌ಸಿಐನ 2023ರ ಮಾರ್ಗಸೂಚಿ ಪ್ರಕಾರ ಅವರಿಗೆ ತಕ್ಕ ಅರ್ಹತೆ ಇರಬೇಕು, ಅದನ್ನು ಹೇಳಬೇಕು.

ಡಿಸೈನರ್ ಕೊಟ್ಟ ಕನ್ನಡವನ್ನು ಕ್ಯಾಪ್ಷನ್‌ಗೆ ಅಂಟಿಸಿದರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತದೆ. – ಧಾರವಾಡ

ಅವರು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ, ಅದು ಎಲ್ಲ ಫೋನ್, ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್ ಅಲ್ಲ. ಕನ್ವರ್ಟರ್ ಬಳಸಿ ಯೂನಿಕೋಡ್‌ಗೆ ತಂದು ಅಂಟಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತನ್ನು ಒಮ್ಮೆ ಓದಿ ನೋಡಿ. ಫೋಟೊಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಒಡೆದರೆ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ, ಹೊಸ ಆವೃತ್ತಿಯಲ್ಲಾದರೆ ವರ್ಲ್ಡ್-ರೆಡಿ ಲೇಔಟ್ ಆನ್ ಮಾಡಬೇಕು.

ಒಂದು ಸ್ಟಾರ್ ಕೊಟ್ಟು ‘ಮಷಿನ್ ಕೆಟ್ಟಿವೆ, ಕೋಚ್ ಮೊಬೈಲ್ ನೋಡುತ್ತಾರೆ’ ಎಂದು ಬರೆದಿದ್ದಾರೆ. ಸದಸ್ಯರಿಗೆ ಒಂದು ವಾರ ಉಚಿತ ಕೊಟ್ಟು ಐದು ಸ್ಟಾರ್ ಹಾಕಿಸಲೇ? – ಉಡುಪಿ

ಬೇಡ. ಉಡುಗೊರೆ, ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವುದನ್ನು ಗೂಗಲ್ ನಿಷೇಧಿಸಿದೆ. ಒಂದೇ ದಿನ ಇಪ್ಪತ್ತು ಐದು-ಸ್ಟಾರ್ ಬಂದರೆ ಜನರಿಗೂ ಗೊತ್ತಾಗುತ್ತದೆ. ಬರೆದದ್ದು ನಿಜವೇ ನೋಡಿ. ನಿಜವಾದರೆ ಮಷಿನ್ ರಿಪೇರಿ ಮಾಡಿಸಿ, ಕೋಚ್‌ಗೆ ಬ್ಯಾಚ್ ವೇಳೆಯಲ್ಲಿ ಫೋನ್ ಲಾಕರ್‌ನಲ್ಲಿಡುವ ನಿಯಮ ಮಾಡಿ, ಆಮೇಲೆ ಆ ರಿವ್ಯೂ ಕೆಳಗೆ ಉತ್ತರ ಬರೆಯಿರಿ: ‘ಲೆಗ್ ಪ್ರೆಸ್‌ನ ಕೇಬಲ್ ಬದಲಿಸಿದ್ದೇವೆ. ಬ್ಯಾಚ್ ವೇಳೆ ಕೋಚ್ ಫೋನ್ ಬಳಸುವುದಿಲ್ಲ. ಬಂದು ನೋಡಿ, ಮತ್ತೆ ಹೇಳಿ.’ ಸದಸ್ಯರೇ ಅಲ್ಲದವರು, ಎದುರಾಳಿ ಜಿಮ್‌ನವರು ಬರೆದದ್ದೆಂದು ಖಚಿತವಿದ್ದರೆ ಮಾತ್ರ ರಿಪೋರ್ಟ್ ಮಾಡಿ.

ರಿವ್ಯೂ ಕೇಳುವುದಕ್ಕೆ ಅಡ್ಡಿಯಿಲ್ಲ. ಪ್ರೊಫೈಲ್‌ನಲ್ಲಿ ಸಿಗುವ ರಿವ್ಯೂ ಕೊಂಡಿಯ ಕ್ಯೂಆರ್ ಮುದ್ರಿಸಿ ರಿಸೆಪ್ಷನ್‌ನಲ್ಲಿಡಿ. ಮೂರು ತಿಂಗಳು ತುಂಬಿಸಿ ನವೀಕರಿಸುವ ದಿನ ಎಲ್ಲರನ್ನೂ ಕೇಳಿ, ಖುಷಿಯಾಗಿರುವವರನ್ನಷ್ಟೇ ಆರಿಸಬೇಡಿ. ‘ಮೊದಲ ದಿನ ಹೆದರಿಕೆ ಇತ್ತಾ, ಈಗ ಏನು ಮಾಡಬಲ್ಲಿರಿ, ಅದನ್ನು ನಿಮ್ಮ ಮಾತಲ್ಲಿ ಬರೆಯಿರಿ’ ಎಂದು ಹೇಳಿ. ಬಂದ ಪ್ರತಿ ರಿವ್ಯೂಗೂ ಮಾಲೀಕರೇ ಎರಡು ಸಾಲು ಉತ್ತರಿಸಲಿ.